ಅರವತ್ತಕ್ಕೆ ನಡುಗುವ ಗಾಡಿ

"ಐವತ್ತೆರಡು... ಐವತ್ತೈದು..."

"ಮೀಟ್ರು ನಾ ನೋಡ್ಕತೀನಿ. ನೀನು ನೀರು ನೋಡವ್ವ," ಅಂದ ಅಪ್ಪ.

ಭಾನುಪ್ರಿಯ ಕಣ್ಣು ತಿರುಗಿಸಿದಳು. ಡ್ಯಾಶ್‌ಬೋರ್ಡಿನ ಮೇಲೆ ಒದ್ದೆ ಬಟ್ಟೆ, ಅದರ ಮೇಲೆ ಸ್ಟೀಲ್ ಚೊಂಬು, ಚೊಂಬಿನಲ್ಲಿ ಅರ್ಧ ನೀರು. ಬೀಳದಿರಲಿ ಅಂತ ಅವಳು ಎರಡು ಬೆರಳು ತಾಗಿಸಿ ಹಿಡಿದಿದ್ದಳು. ನೀರು ಆ ಕಡೆ ಈ ಕಡೆ ತುಳುಕುತ್ತಿತ್ತು. ಅದು ರಸ್ತೆಯ ಕುಲುಕು, ಅದಕ್ಕೆ ಲೆಕ್ಕವಿಲ್ಲ.

ಇದ್ದಕ್ಕಿದ್ದ ಹಾಗೆ ನೀರಿನ ಮೈಯೆಲ್ಲ ಜುಮ್ಮೆಂದಿತು. ಯಾರೋ ಒಂದು ಹಿಡಿ ರಾಗಿ ಎರಚಿದ ಹಾಗೆ ಸಣ್ಣ ಸಣ್ಣ ಉಂಗುರ. ಸೀಟಿನ ಕೆಳಗೆ ಗುಂಯ್ ಅನ್ನುವ ಸದ್ದು. ಅವಳ ಹಲ್ಲಿಗೂ ಅದು ಗೊತ್ತಾಗುತ್ತಿತ್ತು.

"ಬಂತು ಅಪ್ಪ."

"ಅರವತ್ತು," ಅಂದ ಅಪ್ಪ. ಅದು ನಿನ್ನೆಯೂ ಅರವತ್ತೇ, ಮೊನ್ನೆಯೂ ಅರವತ್ತೇ.

ರಸ್ತೆ ಬದಿಯ ದೊಡ್ಡ ಹುಣಸೆಮರದ ಹತ್ತಿರ ಅಪ್ಪ ಗಾಡಿ ತಿರುಗಿಸಿದ. ದಿನಾ ಸಂಜೆ ಅಲ್ಲಿಯವರೆಗೆ ಹೋಗುವುದು, ಅಲ್ಲಿಂದ ವಾಪಸ್.

"ಅಪ್ಪ, ನಾ ಕಿಟಕಿ ಹತ್ರ ಕೂತ್ಕಳ್ಳಾ? ನಡೂಕೆ ಕೂತ್ರೆ ಏನೂ ಕಾಣಕಿಲ್ಲ."

"ಬ್ಯಾಡ. ನಡೂಕೇ ಕೂತ್ಕೊ. ಅಲ್ಲಿಂದ ಚೊಂಬು ಸಿಕ್ಕಕಿಲ್ಲ ನಿಂಗೆ."

ಮನೆ ಬರುವವರೆಗೆ ಅಪ್ಪ ತಲೆ ಒಂದು ಕಡೆ ವಾಲಿಸಿಕೊಂಡು ಗಾಡಿಯ ಸದ್ದು ಕೇಳುತ್ತಿದ್ದ. ಗಾಡಿ ಮಾತಾಡಿದ್ದೆಲ್ಲ ಅಪ್ಪನಿಗೆ ಕೇಳಿಸುತ್ತದೆ, ನಾನು ಮಾತಾಡಿದ್ದು ಮಾತ್ರ ಕೇಳಿಸುವುದಿಲ್ಲ, ಅಂದುಕೊಂಡಳು ಭಾನು.

ಗಾಡಿ ಬಂದು ಒಂದೂವರೆ ತಿಂಗಳಾಗಿತ್ತು. ಬಿಳೀ ಪಿಕಪ್ಪು. ಸೀಟಿನ ಪ್ಲಾಸ್ಟಿಕ್ ಕವರ್ ಇನ್ನೂ ತೆಗೆದಿರಲಿಲ್ಲ. ಉಯ್ಯಂಬಳ್ಳಿ ಸುತ್ತಿನ ರೇಷ್ಮೆಗೂಡನ್ನು ರಾಮನಗರದ ಮಾರ್ಕೆಟ್ಟಿಗೆ ಸಾಗಿಸುವುದು ಅಪ್ಪ ಮನೋಹರನ ಕೆಲಸ. ಮೊದಲು ಲಗೇಜ್ ಆಟೋ ಇತ್ತು. ಹೋದ ವರ್ಷ ಅದು ತಿರುವಿನಲ್ಲಿ ಮಗುಚಿ ಅಪ್ಪನ ಭುಜದ ಮೂಳೆ ಮುರಿದಿತ್ತು.

ಭಾನುವಿನ ಅಮ್ಮ ಲತಾಮಣಿ ಹೆರಿಗೆಗೆ ಅಂತ ತವರಿಗೆ ಹೋದವಳು, ಇನ್ನೂ ಮಾಗಡಿ ಹತ್ತಿರದ ಕಲ್ಯದಲ್ಲೇ ಇದ್ದಳು. ತಮ್ಮನನ್ನು ಭಾನು ನೋಡಿದ್ದು ಒಂದೇ ಸಲ. ಆಗ ಅವನು ಹನ್ನೊಂದು ದಿನದ ಕೂಸು. ನಿದ್ದೆಯಲ್ಲಿದ್ದ, ಕಣ್ಣೇ ಬಿಡಲಿಲ್ಲ.

"ಹೊಸಾ ಗಾಡಿ ಬರ್ಲಿ, ಅದ್ರಲ್ಲೇ ಕರ್ಕಂಡ್ ಬತ್ತೀನಿ," ಅಂದಿದ್ದ ಅಪ್ಪ. ಗಾಡಿ ಬಂತು. ಬಂದದ್ದು ನಡುಗತೊಡಗಿತು.

"ಆಪ್ರೇಸನ್ ಆಗಿರೋ ಹೊಟ್ಟೆ. ನಡುಗೋ ಗಾಡೀಲಿ ನಾ ಬಾಣಂತೀನ ಕಳ್ಸಕಿಲ್ಲ ಕಣಪ್ಪ," ಅಂತ ಅಮ್ಮನ ತಾಯಿ ಬೋರಮ್ಮಜ್ಜಿ ಫೋನಿನಲ್ಲಿ ಹೇಳಿಬಿಟ್ಟಳು.

ಮೂರನೇ ಇಲ್ಲ ಐದನೇ ತಿಂಗಳಲ್ಲಿ ಬಾಣಂತಿಯನ್ನು ಕಳಿಸುವುದು ವಾಡಿಕೆ. ಸಮ ತಿಂಗಳಲ್ಲಿ ಕಳಿಸುವುದಿಲ್ಲ. ಐದು ಮುಗಿಯಲು ಇನ್ನು ಎಂಟೇ ದಿನ. ಅದು ದಾಟಿದರೆ ಏಳನೇ ತಿಂಗಳೇ ಗತಿ.

"ಕಾರ್ ಮಾಡ್ಕಂಡ್ ಹೋಗಾನ ಅಪ್ಪ," ಅಂದಿದ್ದಳು ಭಾನು.

"ಯಾರೋ ಓಡಿಸೋ ಗಾಡೀನ ನಾ ನಂಬಕಿಲ್ಲ. ನನ್ ಗಾಡೀಲೇ ಬರ್ಬೇಕು ನಿಮ್ಮಮ್ಮ. ಅದು ಒಸಿ ಸರಿಯಾಗ್ಲಿ."

ಸರಿಯಾಗಬೇಕಲ್ಲ. ಶೋರೂಮಿಗೆ ನಾಲ್ಕು ಸಲ ಹೋಗಿ ಬಂದಿದ್ದ. ಒಂದು ಸಲ ವೀಲ್ ಬ್ಯಾಲೆನ್ಸ್ ಮಾಡಿದರು. ಇನ್ನೊಂದು ಸಲ ಮುಂದಿನ ಟೈರು ಹಿಂದಕ್ಕೆ, ಹಿಂದಿನದು ಮುಂದಕ್ಕೆ ಹಾಕಿದರು. ಮೂರನೇ ಸಲ ಎರಡು ಹೊಸ ಟೈರನ್ನೇ ಕೊಟ್ಟರು. ನಾಲ್ಕನೇ ಸಲ, "ನಿಮ್ಮ ಕಡೆ ರೋಡೇ ಹಂಗೈತೆ ಸಾರ್. ಲೋಡ್ ಹಾಕಿ, ಸೆಟ್ ಆಯ್ತದೆ," ಅಂದರು. ಅಪ್ಪ ಹಿಂದೆ ನಾಲ್ಕು ಮೂಟೆ ರಾಗಿ ಹೇರಿಕೊಂಡು ನೋಡಿದ. ರಾಗಿಯೂ ಸೇರಿ ನಡುಗಿತು.

ಸ್ಕೂಲಿನಲ್ಲಿ ದೀಪು ಕೇಳಿದ, "ಭಾನು, ನಿಮ್ ಗಾಡಿ ಇನ್ನೂ ವೈಬ್ರೇಶನ್ ಮೋಡಲ್ಲೇ ಐತಾ? ಯಾರೋ ಕಾಲ್ ಮಾಡ್ತಾವ್ರೆ, ಎತ್ತೇ."

ಎಲ್ಲರೂ ನಕ್ಕರು. ಭಾನುವೂ ನಕ್ಕಳು. ಆದರೆ ಕೊರಳಿಗೆ ನೇತುಹಾಕಿಕೊಂಡಿದ್ದ ಕೀಲಿಯಲ್ಲಿ ಮನೆ ಬೀಗ ತೆಗೆಯುವಾಗ ನಗು ಇರಲಿಲ್ಲ.

ಬೀಗ ತೆಗೆದರೆ ಮನೆ ಬೆಳಿಗ್ಗೆ ಹೇಗೆ ಬಿಟ್ಟಿದ್ದರೋ ಹಾಗೇ ಇರುತ್ತಿತ್ತು. ಒಲೆಯ ಮೇಲೆ ಅದೇ ಪಾತ್ರೆ, ಬಾಗಿಲ ಹಿಂದೆ ಅದೇ ಪೊರಕೆ. ತೊಲೆಗೆ ತೊಟ್ಟಿಲು ಕಟ್ಟಲು ಅಪ್ಪ ಸಿಕ್ಕಿಸಿದ್ದ ಕೊಕ್ಕೆ. ಭಾನು ತಟ್ಟೆಗೆ ಅನ್ನ ಹಾಕಿಕೊಂಡು ಆ ಕೊಕ್ಕೆಯ ಕೆಳಗೇ ಕೂತು ಉಣ್ಣುತ್ತಿದ್ದಳು. ಸ್ಕೂಲಿನಲ್ಲಿ ನಡೆದದ್ದನ್ನು ಕೊಕ್ಕೆಗೆ ಹೇಳುತ್ತಿದ್ದಳು. ಅಮ್ಮ ಫೋನು ಮಾಡಿದರೆ ಮಾತು ಶುರುವಾಗುವಷ್ಟರಲ್ಲಿ ತಮ್ಮ ಅಳುತ್ತಿದ್ದ. "ಇರು ಮಗಾ, ಆಮ್ಯಾಕೆ ಮಾಡ್ತೀನಿ," ಅಂತ ಅಮ್ಮ ಇಟ್ಟುಬಿಡುತ್ತಿದ್ದಳು.

ಅಂಥ ಹೊತ್ತಿನಲ್ಲಿ ಅವಳು ಒಂದು ಗುಟ್ಟು ನೆನೆಸಿಕೊಳ್ಳುತ್ತಿದ್ದಳು. ಅದರಿಂದ ಒಸಿ ಸಮಾಧಾನ ಆಗುತ್ತಿತ್ತು.

ಗಾಡಿ ಮನೆಗೆ ಬಂದ ದಿನ ಪೂಜಾರಿ ರಾಮಲಿಂಗಯ್ಯನವರು ಪೂಜೆ ಮಾಡಿ, ಮುಂದೆ ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿ ಹೋಗಿದ್ದರು. ಅಂದೇ ಅಮ್ಮ ಫೋನಿನಲ್ಲಿ, "ಕೂಸಿನ ದಿಂಬಿನ ಕೆಳ್ಗೆ ನಿಮ್ಮಜ್ಜಿ ಕಬ್ಬುಣ ಇಟ್ಟವ್ಳೆ. ಕಬ್ಬುಣ ಇದ್ರೆ ಕೆಟ್ಟದ್ದು ಹತ್ರ ಬರಕಿಲ್ವಂತೆ," ಅಂದಿದ್ದಳು.

ಭಾನುವಿಗೆ ಮಗುಚಿದ ಆಟೋ ನೆನಪಾಯಿತು. ಅಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದ ಕುಡುಗೋಲಿನ ಮುರಿದ ತುದಿ ಹಿತ್ತಲಲ್ಲಿ ಬಿದ್ದಿತ್ತು. ಹೆಬ್ಬೆರಳಿನಷ್ಟು ಉದ್ದ. ಅದನ್ನು ಅಮ್ಮನ ಹಳೇ ಹಳದಿಹೂವಿನ ಸೀರೆಯ ಚೂರಿನಲ್ಲಿ ದಪ್ಪಗೆ ಸುತ್ತಿದಳು. ಅಪ್ಪ ಉಣ್ಣುತ್ತಿದ್ದಾಗ ಗಾಡಿಯ ಕೆಳಗೆ ತೆವಳಿ ಹೋದಳು. ಅಲ್ಲಿ ಉದ್ದಕ್ಕೆ ಒಂದು ರಾಡು ಇತ್ತು. ಗಾಡಿಯ ಬೆನ್ನುಮೂಳೆಯ ಹಾಗೆ. ಅದಕ್ಕೆ ರೇಷ್ಮೆ ಹುರಿಯಿಂದ ಹತ್ತಾರು ಸುತ್ತು ಸುತ್ತಿ, ಏಳು ಗಂಟು ಹಾಕಿದಳು.

ಗಾಡಿ ಬೀಳಬಾರದು. ಬೇಗ ಹೋಗಿ ಅಮ್ಮನನ್ನು ಕರೆದು ತರಬೇಕು. ಅಷ್ಟೇ ಅವಳು ಕೇಳಿಕೊಂಡದ್ದು.

ಭಾನುವಾರ ಅಪ್ಪ ಕನಕಪುರದ ಖಲಂದರ್ ಸಾಬರ ಗ್ಯಾರೇಜಿಗೆ ಹೊರಟ. ಭಾನು ಅಮ್ಮನ ಅದೇ ಸೀರೆಯಲ್ಲಿ ಹೊಲಿದ ಊಟದ ಚೀಲ ಹಿಡಿದು ಜೊತೆಗೆ ಹೋದಳು.

ಖಲಂದರ್ ಸಾಬರಿಗೆ ಎಪ್ಪತ್ತು ದಾಟಿತ್ತು. ಹರೆಯದಲ್ಲಿ ಚನ್ನಪಟ್ಟಣದಲ್ಲಿ ಬೊಂಬೆ ಕಡೆಯುತ್ತಿದ್ದವರು. ಆಮೇಲೆ ಗಾಡಿಗೆ ಕೈ ಹಾಕಿದರು. ಅವರು ಯಾವುದಕ್ಕೂ ಅವಸರ ಮಾಡುವವರಲ್ಲ.

ಅಪ್ಪ ಎಲ್ಲ ಹೇಳಿದ. ಬ್ಯಾಲೆನ್ಸು, ಟೈರು, ಲೋಡು, ಚೊಂಬಿನ ನೀರು. ಅವರು ಪೂರ್ತಿ ಕೇಳಿಸಿಕೊಂಡು, "ಚೊಂಬು ತಂದಿದೀರಾ?" ಅಂದರು.

ಹಿಂದಿನ ಭಾಗವನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದರು. ಹಿಂದಿನ ಎರಡೂ ಚಕ್ರ ಬಿಚ್ಚಿ ಪಕ್ಕಕ್ಕಿಟ್ಟರು. ಅಪ್ಪ ಗಾಡಿ ಹತ್ತಿ ಗೇರು ಹಾಕಿದ. ಗಾಡಿ ನಿಂತಲ್ಲೇ ಓಡಿತು. ಭಾನು ಬಾಗಿಲ ಹತ್ತಿರ ನಿಂತು ನೀರು ನೋಡಿದಳು.

"ಅರವತ್ತು," ಅಂದ ಅಪ್ಪ.

"ಬಂತು," ಅಂದಳು ಭಾನು.

"ನಿಲ್ಸಿ ಮನೋಹರಣ್ಣ. ಚಕ್ರ ಇಲ್ದೇನೂ ನಡುಗ್ತೈತೆ. ಅಂದ್ರೆ ಚಕ್ರದ್ದು ತಪ್ಪಿಲ್ಲ. ಪಾಪ, ಇಷ್ಟು ದಿನ ಅದಕ್ಕೆ ಬೈದ್ರಿ."

ಎಂಜಿನ್ ಆರಿದ ಮೇಲೆ ಅವರು ಟಾರ್ಚು ಹಿಡಿದು ಕೆಳಗೆ ಹೋದರು. ಬಹಳ ಹೊತ್ತು ಈಚೆಗೆ ಬರಲಿಲ್ಲ. ಬಂದ ಮೇಲೆ ಕೈ ಒರೆಸಿಕೊಳ್ಳುತ್ತ ಭಾನುವಿನ ಊಟದ ಚೀಲವನ್ನೇ ನೋಡಿದರು.

"ಮನೋಹರಣ್ಣ, ಮೂರು ಟೀ ತನ್ನಿ ಹೋಗಿ," ಅಂದರು.

ಅಪ್ಪ ಹೋದ. ಸಾಬರು ಸ್ಪ್ಯಾನರುಗಳ ನಡುವಿನಿಂದ ಕೆಂಪು ಬಣ್ಣದ ಪುಟ್ಟ ಬುಗುರಿ ತೆಗೆದರು. ಬೆರಳಿನಲ್ಲೇ ತಿರುಗಿಸುವಂಥದ್ದು.

"ಬುಗುರಿ ಆಡ್ತೀಯಾ ಬೇಟಿ?"

"ನಮ್ ಸ್ಕೂಲಲ್ಲಿ ಹುಡುಗ್ರು ಆಡ್ತಾರೆ ತಾತ."

"ಹುಡುಗ್ರುದು ಅಂತ ಬರ್ದೈತಾ ಇದ್ರ ಮೇಲೆ?"

ಡಬ್ಬದ ಮುಚ್ಚಳದ ಮೇಲೆ ಬುಗುರಿ ಬಿಟ್ಟರು. ಅದು ತಿರುಗುತ್ತಿದೆಯೋ ನಿಂತಿದೆಯೋ ತಿಳಿಯಲಿಲ್ಲ. ಅಷ್ಟು ನಿಶ್ಶಬ್ದ. ಆಮೇಲೆ ನೆಲದಿಂದ ಒದ್ದೆ ಮಣ್ಣು ಚಿವುಟಿ, ಬಟಾಣಿಯಷ್ಟು, ಬುಗುರಿಯ ಒಂದು ಪಕ್ಕಕ್ಕೆ ಮೆತ್ತಿ ಮತ್ತೆ ಬಿಟ್ಟರು. ಮುಚ್ಚಳ ಟರ್ರೆಂದು ಅದುರಿತು. ಬುಗುರಿ ಕುಪ್ಪಳಿಸಿ ಭಾನುವಿನ ಕಾಲ ಹತ್ತಿರ ಬಿತ್ತು.

"ಇಷ್ಟೇ ಇಷ್ಟು ಮಣ್ಣು," ಅಂದರು. "ನಿಧಾನಕ್ಕೆ ತಿರುಗಿದ್ರೆ ಗೊತ್ತೇ ಆಗಕಿಲ್ಲ. ಜೋರು ತಿರುಗ್ದಾಗ ತಡಕೊಳ್ಳಾಕಾಗಕಿಲ್ಲ ಅದಕ್ಕೆ."

ಭಾನು ಬುಗುರಿ ಎತ್ತಿಕೊಂಡಳು.

"ಗಾಡಿ ಕೆಳ್ಗೆ ಉದ್ದಕೆ ಒಂದು ರಾಡ್ ಐತೆ. ಎಂಜಿನ್ ತಿರುಗ್ಸೋದನ್ನ ಚಕ್ರಕ್ಕೆ ಮುಟ್ಸೋದು ಅದೇ. ಅದೂ ಬುಗುರೀನೇ. ಮಲಗಿರೋ ಬುಗುರಿ." ಸಾಬರು ದನಿ ತಗ್ಗಿಸಿದರು. "ಅದಕ್ಕೆ ಒಂದು ಗಂಟು ಕಟ್ಟೈತೆ ಬೇಟಿ. ಹರಕೇದು ಏನೋ, ದೇವ್ರುದು ಏನೋ. ಅಂಥದ್ದನ್ನ ನಾ ಬಿಚ್ಚಕಿಲ್ಲ. ಕಟ್ಟಿದೋರೇ ಬಿಚ್ಬೇಕು."

ಭಾನು ಬುಗುರಿಗೆ ಅಂಟಿದ್ದ ಮಣ್ಣನ್ನು ಉಗುರಿನಿಂದ ಕೆರೆದಳು. ನೀರಿನ ಮೇಲಿನ ಉಂಗುರಗಳು ಕಣ್ಣ ಮುಂದೆ ಬಂದವು. ದಿನಾ ಸಂಜೆ ನೋಡಿದವು. ಅವೆಲ್ಲ ಅವಳ ಏಳು ಗಂಟಿನವು.

"ತಾತ, ಬಿಚ್ಚುದ್ರೆ ಗಾಡಿ ಬಿದ್ದೋಗಕಿಲ್ವಾ?"

ಸಾಬರು ಅಪ್ಪ ಹೋದ ಕಡೆ ನೋಡಿದರು. "ನಿಮ್ಮಪ್ಪ ಓಡಿಸ್ತಾವ್ರಲ್ಲ," ಅಂದರು.

ಅಪ್ಪ ಮೂರು ಲೋಟ ಹಿಡಿದುಕೊಂಡು ಬಂದ. ಭಾನು ನೆಲ ನೋಡುತ್ತ ಹೇಳಿದಳು.

"ಅಪ್ಪ, ಕೆಳ್ಗೆ ಕಟ್ಟಿರೋದು ನಾನು. ಗಾಡಿ ಬೀಳ್ದೆ ಇರ್ಲಿ ಅಂತ. ಅಮ್ಮನ ಕುಡ್ಲು ತುದಿ."

ಅಪ್ಪ ಲೋಟ ಇಳಿಸುವುದನ್ನೂ ಮರೆತು ನಿಂತ. ಬೈಯುತ್ತಾನೆ ಅಂತ ಅವಳು ಕಾದಳು.

"ನೀನಾ?" ಅಂದ ಕೊನೆಗೆ. "ನಾ ದಿನಾ ಬಗ್ಗಿ ನೋಡ್ತಿದ್ದೆ. ರಾಮಲಿಂಗಯ್ಯನೋರು ಕಟ್ಟವ್ರೆ ಅನ್ಕಂಡು ಕೈ ಮುಗೀತಿದ್ನಲ್ಲವ್ವ."

"ಶೋರೂಮ್ನೋರು ನೋಡ್ಲಿಲ್ವಾ?" ಕೇಳಿದರು ಸಾಬರು.

"ನೋಡ್ದೆ ಏನು. ಆ ಹುಡ್ಗ ದೇವ್ರ ಗಂಟಿಗೆ ಗ್ರೀಸ್ ಕೈ ತಾಗ್ತು ಅಂತ ಕಣ್ಣಿಗೊತ್ಕಂಡ."

ಸಾಬರು ಟೀ ಚೆಲ್ಲುವಷ್ಟು ನಕ್ಕರು. ಅಪ್ಪ ನಗಲಿಲ್ಲ.

ಭಾನು ಕೆಳಗೆ ತೆವಳಿದಳು. ರೇಷ್ಮೆ ಹುರಿ ಮಣ್ಣು ಕುಡಿದು ಕಲ್ಲಾಗಿತ್ತು. ಗಂಟು ಬಿಚ್ಚಲು ಬರಲಿಲ್ಲ. ಸಾಬರು ಬ್ಲೇಡು ಕೊಟ್ಟರು. ಒಂದೊಂದೇ ಸುತ್ತು ಕೊಯ್ದು ಈಚೆಗೆ ತಂದಳು. ಮೇಲಿನ ಬಟ್ಟೆ ಕಪ್ಪಾಗಿತ್ತು, ಒಂದು ಅಂಚಿನಲ್ಲಿ ಮಾತ್ರ ಹಳದಿ ಇಣುಕುತ್ತಿತ್ತು. ಒಳಗಿನ ಪದರದಲ್ಲಿ ಹಳದಿ ಹೂವು ಹಾಗೇ ಇದ್ದವು.

ಅಪ್ಪ ಅದನ್ನು ಇಸಿದುಕೊಂಡು, ಹೂವಿನ ಮೇಲೆ ಹೆಬ್ಬೆರಳು ಆಡಿಸಿದ. "ಗೌರಿಹಬ್ಬಕ್ಕೆ ತಂದಿದ್ದು ಇದು," ಅಂದ. ಆಮೇಲೆ ಆ ಕಡೆ ತಿರುಗಿಕೊಂಡು ಬಹಳ ಹೊತ್ತು ಚಕ್ರದ ಬೋಲ್ಟು ನೋಡುತ್ತ ನಿಂತ. ಬೋಲ್ಟಿನಲ್ಲಿ ನೋಡುವಂಥದ್ದು ಏನೂ ಇರಲಿಲ್ಲ.

ಚಕ್ರ ಹಾಕಿ ಹೊರಟಾಗ ಬಿಸಿಲು ಏರಿತ್ತು. ರಾಮನಗರದ ರಸ್ತೆ. ಭಾನು ಚೊಂಬಿಗೆ ಎರಡು ಬೆರಳು ತಾಗಿಸಿದಳು. ಕುಡುಗೋಲಿನ ತುದಿ ಅವಳ ತೊಡೆಯ ಮೇಲಿತ್ತು.

"ಐವತ್ತೆಂಟು," ಅಂದ ಅಪ್ಪ. "ಅರವತ್ತು. ಅರವತ್ತೈದು. ಏನಂತೈತವ್ವ ನೀರು?"

ನೀರು ತುಳುಕಿತು, ನಿಂತಿತು. ಅದರಲ್ಲಿ ಒಂದು ಚೂರು ಆಕಾಶ ಕಾಣುತ್ತಿತ್ತು.

"ಏನೂ ಅಂತಿಲ್ಲ ಅಪ್ಪ."

ಅಪ್ಪ ಉಸಿರು ಬಿಟ್ಟ. ಅದೆಷ್ಟು ದಿನದಿಂದ ಹಿಡಿದಿದ್ದನೋ. ಗಾಡಿಯನ್ನು ಎಲ್ಲಿಯೂ ತಿರುಗಿಸಲಿಲ್ಲ. ರಾಮನಗರ ದಾಟಿ ಮಾಗಡಿ ದಾರಿ ಹಿಡಿದ. ಎಲ್ಲಿಗೆ ಅಂತ ಭಾನು ಕೇಳಲಿಲ್ಲ. ಆ ದಾರಿ ಅವಳಿಗೆ ಗೊತ್ತಿತ್ತು.

"ಇನ್ನು ನೀರು ನೋಡೋದು ಬ್ಯಾಡ," ಅಂದ ಅಪ್ಪ. "ಕಿಟಕಿ ಬೇಕು ಅಂತಿದ್ದಲ್ಲ, ಕಲ್ಯ ಬರೋಗಂಟ ಕೂತ್ಕೊ ಹೋಗು."

ಭಾನು ಪಕ್ಕಕ್ಕೆ ನೋಡಿದಳು. ತಾನು ಕೂತಿದ್ದ ಕಡೆ ಸೀಟಿನ ಪ್ಲಾಸ್ಟಿಕ್ಕು ಸುಕ್ಕಾಗಿ ಹರಿದಿತ್ತು. ಅಪ್ಪನ ಕಡೆಯದು ಎಂದೋ ಕಿತ್ತುಹೋಗಿತ್ತು. ಕಿಟಕಿ ಪಕ್ಕದ್ದು ಮಾತ್ರ ಗಾಡಿ ಬಂದ ದಿನ ಹೇಗಿತ್ತೋ ಹಾಗೇ ಇತ್ತು, ಒಂದು ಗೆರೆಯೂ ಬೀಳದೆ. ಒಂದೂವರೆ ತಿಂಗಳಿಂದ ಅಪ್ಪ ಅಲ್ಲಿ ಒಂದು ಚೀಲವನ್ನೂ ಇಟ್ಟಿರಲಿಲ್ಲ.

ಅವಳು ಆ ಜಾಗವನ್ನು ನೋಡಿದಳು, ಅಪ್ಪನ ಮುಖ ನೋಡಿದಳು. ಕೊಕ್ಕೆಯ ಕೆಳಗೆ ಕೂತು ಅಮ್ಮನಿಗೆ ಕಾಯುತ್ತಿದ್ದದ್ದು ತಾನೊಬ್ಬಳೇ ಅಂದುಕೊಂಡಿದ್ದಳು.

"ಬ್ಯಾಡ ಅಪ್ಪ. ಇಲ್ಲೇ ಸರಿಯಾಗೈತೆ," ಅಂದಳು.

ಮೊಣಕಾಲು ಒಳಕ್ಕೆ ಎಳೆದುಕೊಂಡು ಅಪ್ಪನ ಕಡೆಗೆ ಒಸಿ ಸರಿದು ಕೂತಳು.