ಮೂರಾಳುದ್ದದ ಮಸಿ

"ಎಲ್ಲಾನೂ ತೊಳ್ಕೋ ಮಗಾ, ಈ ಮಸಿ ಮಾತ್ರ ಮುಟ್ಟಬೇಡ," ಅಂದಳು ಕಾಲಿಚಾ ಅಪಾ.

ಉರ್ಮತ್ ನಕ್ಕುಬಿಟ್ಟ. ನಗಬಾರದ ಕಡೆ ನಗುವುದು ಅವನಿಗೆ ಹಳೇ ಚಾಳಿ. ಹತ್ತು ವರ್ಷ ಮಾಸ್ಕೋದಲ್ಲಿ ಹಳೆಯ ಸಿನಿಮಾ ರೀಲುಗಳ ಧೂಳು, ಗೀರು, ಬೂಷ್ಟು ತೆಗೆಯುವ ಕೆಲಸ ಮಾಡಿ ಹಿಂದಿನ ಚಳಿಗಾಲ ಬಿಷ್ಕೆಕ್‌ಗೆ ಮರಳಿದ್ದ. ಹೆಂಡತಿ ತಾಜಿಗುಲ್, ನಾಲ್ಕು ವರ್ಷದ ಮಗಳು ಬೇಗಿಮಾಯ್, ಸಾವಿರದ ಇನ್ನೂರು ಡಿಸ್ಕುಗಳು, ಇಷ್ಟು ಅವನ ಸಂಸಾರ. ಡಿಸ್ಕುಗಳು ಗೋಡೆ ತುಂಬಿ, ಮಂಚದ ಕೆಳಗಿಳಿದು, ಅಡುಗೆಮನೆಯ ಹಿಟ್ಟಿನ ಡಬ್ಬಿಗಳ ಹಿಂದಕ್ಕೂ ಬಂದಿದ್ದವು. ಜಗತ್ತು ಮರೆತ ಸಿನಿಮಾಗಳನ್ನು ತೊಳೆದು ಬೆಳಗಿಸಿ ಡಿಸ್ಕಿಗೆ ಹಾಕುವವರು ಬೆರಳೆಣಿಕೆಯಷ್ಟು ಜನ. ಅವನ್ನು ಕೊಂಡು ಕಪಾಟಿನಲ್ಲಿ ದೇವರ ಹಾಗೆ ಇಟ್ಟುಕೊಳ್ಳುವವರು ದೇಶದೇಶಗಳಲ್ಲಿ ಒಂದಷ್ಟು ಸಾವಿರ. ಈ ಮಂದಿಗೆಲ್ಲ ಒಂದೇ ಕಾಯಿಲೆ. ಸಿನಿಮಾ ಚೆನ್ನಾಗಿದೆಯೋ ಇಲ್ಲವೋ ಆಮೇಲಿನ ಮಾತು, ಮೊದಲು ಅದು ಪೂರ್ತಿ ಇರಬೇಕು. ಅರ್ಧ ನಿಮಿಷ ಕಡಿಮೆ ಅಂದರೆ ಅನ್ನ ಸೇರುವುದಿಲ್ಲ. ಉರ್ಮತ್ ತೊಳೆಯುವವನೂ ಹೌದು, ಕೂಡಿಡುವವನೂ ಹೌದು, ಹಾಗಾಗಿ ಕಾಯಿಲೆ ಅವನಿಗೆ ಎರಡು ಪಾಲು ಅಂಟಿತ್ತು.

ಕಾಲಿಚಾ ಅಪಾ ವಯಸ್ಸಿನಲ್ಲಿದ್ದಾಗ ಸಿನಿಮಾ ಸ್ಟುಡಿಯೋದ ಕತ್ತರಿ ಕೋಣೆಯಲ್ಲಿ ರೀಲು ಕತ್ತರಿಸಿ ಅಂಟಿಸುತ್ತಿದ್ದವಳು. ಈಗ ಎಂಬತ್ತನಾಲ್ಕು, ಊರಿಗೆಲ್ಲ ಅಪಾ, ಅಂದರೆ ಹಿರಿಯಮ್ಮ. ಅವಳ ಮನೆಯ ಉಗ್ರಾಣದಲ್ಲಿ ಆಲೂಗೆಡ್ಡೆ ಮೂಟೆಗಳ ಹಿಂದೆ ಏಳು ತಗಡಿನ ಡಬ್ಬಿಗಳಿದ್ದವು. ಮುಚ್ಚಳ ತೆಗೆದಾಗ ಹುಳಿ ವಾಸನೆ ಗಂಟಲಿಗೆ ಕುಟುಕಿತು. ಅರವತ್ತು ವರ್ಷ ಹಿಂದಿನ ಸಿನಿಮಾ, ಇಡೀ ಲೋಕದಲ್ಲಿ ಉಳಿದದ್ದು ಇದೊಂದೇ ಪ್ರತಿ. ಉರ್ಮತ್ ರೀಲನ್ನು ಬೆಳಕಿಗೆ ಹಿಡಿದು ಬಿಚ್ಚುತ್ತ ಹೋದ. ಏಳನೇ ಡಬ್ಬಿಯ ಕೊನೆಯಲ್ಲಿ ಮೂರಾಳುದ್ದ ರೀಲಿನ ಒಂದು ಅಂಚಿಗೆ ಯಾರೋ ಕಪ್ಪು ಮಸಿ ಬಳಿದಿದ್ದರು. ಹಳೆಯ ರೀಲಿನಲ್ಲಿ ದನಿಯೂ ಚಿತ್ರದ ಪಕ್ಕದಲ್ಲೇ ಒಂದು ಬಿಳಿ ಗೀರಾಗಿ ಓಡುತ್ತದೆ. ಅದಕ್ಕೆ ಮಸಿ ಬಿದ್ದರೆ ಅಷ್ಟು ಹೊತ್ತು ಸಿನಿಮಾ ಮೂಕ.

"ಹನ್ನೊಂದು ಸೆಕೆಂಡು," ಅಂದ ಉರ್ಮತ್, ಬೆರಳಲ್ಲಿ ಅಳೆಯುತ್ತ. "ಯಾವ ಪುಣ್ಯಾತ್ಮ ಬಳಿದಿದ್ದು?"

"ನಾನೇ. ಬುರುಲ್ ಬಳಿಸಿದ್ಲು. ಅಲ್ಲಿ ಅಳೋ ಹೆಂಗಸು."

ಮುದುಕಿ ದನಿ ತಗ್ಗಿಸಿ ಹೇಳಿದಳು. ನಿರ್ದೇಶಕನಿಗೆ ನಿಜವಾದ ಅಳು ಬೇಕಿತ್ತು. ಬೆಟ್ಟದ ಮೇಲಿನಿಂದ ಬುರುಲ್‌ಳನ್ನು ಕರೆಸಿ, ಉಣ್ಣೆಗುಡಾರದಲ್ಲಿ ಗೋಡೆಗೆ ಮುಖ ಮಾಡಿ ಕೂರಿಸಿ, ಕ್ಯಾಮೆರಾ ತಿರುಗಿಸಿಕೊಂಡು ಅವಳ ಬೆನ್ನ ಹಿಂದಿನಿಂದ ಹೇಳಿಸಿದ: ನಿನ್ನ ಮಗ ನದಿ ಪಾಲಾದ. ಅವಳು ಅಲ್ಲಿನ ಹೆಂಗಸರ ರೂಢಿಯಂತೆ ಸೊಂಟದ ಮೇಲೆ ಕೈಯಿಟ್ಟು ಸತ್ತವರ ಹಾಡು ಹಾಡಿದಳು, ಹೆಸರು ಹಿಡಿದು ಮಗನನ್ನು ಕರೆದಳು. ಆಮೇಲೆ ಎಲ್ಲರೂ ನಕ್ಕು ಸುಳ್ಳು ಅಂದರು. ಮೂರನೇ ದಿನ ಹುಡುಗ ನಿಜಕ್ಕೂ ನದಿ ಪಾಲಾದ.

"ಬದುಕಿರೋರ ಮೇಲೆ ಆ ಹಾಡು ಹಾಡಬಾರ್ದು ಮಗಾ. ಹಾಡಿದ್ ಮೇಲೆ ಅದು ಬರಿಗೈಲಿ ವಾಪಸ್ ಹೋಗಲ್ಲ. ಅವ್ಳು ಆ ರೀಲಿನ ಮೇಲೆ ಉಗಿದು ಅಂದ್ಲು, ನನ್ನ ಅಳು ಕೊನೇವರ್ಗೂ ಕೇಳ್ದೋರ ಮನೇಗೂ ಇದೇ ಅಳು ಹೋಗ್ಲಿ ಅಂತ. ಕೇಳ್ದೋರು ನಾಲ್ಕು ಜನ. ಮೂರು ಮನೇಲಿ ಮಕ್ಕಳು ಉಳೀಲಿಲ್ಲ. ಆಮೇಲೆ ಅವ್ಳಿಗೇ ಕರುಳು ಚುರುಕ್ ಅಂತು. ಕಡಾಯಿ ತಳದ ಮಸೀನ ಕುರಿ ಕೊಬ್ಬಲ್ಲಿ ಕಲಸಿ, ಏಳು ಸಲ ಉಸಿರು ಊದಿ ತಂದ್ಕೊಟ್ಲು. ನಾನು ಬಳಿದೆ."

"ಕತ್ತರಿಸಿ ಬಿಸಾಕೋದಲ್ವಾ?"

"ಕತ್ತರಿಸೋಕೆ ಹೋದೋನ ಗತಿ ಕೇಳಬೇಡ."

ಅಷ್ಟರಲ್ಲಿ ಪಕ್ಕದ ಮನೆಯ ನುರೀಪಾ ಒಳಗೆ ಬಂದಳು. ಅರವತ್ತು ದಾಟಿದ ಹೆಂಗಸು. "ಎಜೆ, ರೊಟ್ಟಿ ಇಟ್ಟಿದೀನಿ, ಬಿಸಿ ಇರೋವಾಗ್ಲೇ ತಿನ್ನಿ," ಎಂದು ಹಿರಿಯಕ್ಕನಿಗೆ ಹೇಳುವಂತೆ ಹೇಳಿ ಹೊರಟುಹೋದಳು. ಕಾಲಿಚಾ ಅಪಾ ಅವಳು ಹೋದ ಬಾಗಿಲನ್ನೇ ಬಹಳ ಹೊತ್ತು ನೋಡಿದಳು.

"ನಾಲ್ಕನೆಯವ್ರು ಯಾರು ಅಪಾ?"

"ನೀನು ಮುಟ್ಟದೆ ಇದ್ರೆ ಅದು ನಿಂಗ್ಯಾಕೆ? ನಾನು ಸತ್ ಮೇಲೆ ಇದು ಯಾವ ದಡ್ಡನ ಕೈಗೆ ಬೀಳುತ್ತೋ ಅಂತ ನಿಂಗೆ ಕೊಡ್ತಿದೀನಿ. ತಿಳಿದೋನು ನೀನು."

ತಿಳಿದವನು ಡಬ್ಬಿಗಳನ್ನು ಹೊತ್ತು ಮೆಟ್ಟಿಲಿಳಿಯುವಾಗಲೂ ನಗುತ್ತಲೇ ಇದ್ದ.

ನಾಲ್ಕು ತಿಂಗಳು ಹಗಲು ರಾತ್ರಿಯೆನ್ನದೆ ದುಡಿದ. ಒಂದೊಂದು ಚೌಕದ ಗೀರನ್ನೂ ಒರೆಸಿದ. ಮಂಜು ಕವಿದಂತಿದ್ದ ಬೆಟ್ಟಗಳು ತೊಳೆದಿಟ್ಟ ಹಾಗೆ ಎದ್ದುಬಂದವು. ಕುದುರೆಯ ಮೂಗಿನ ಹಬೆ ಕಂಡಿತು. ಸುದ್ದಿ ಹರಡಿ ಎಲ್ಲೆಲ್ಲಿಂದಲೋ ಕಾಗದ ಬಂದವು, ಎಲ್ಲರದ್ದೂ ಒಂದೇ ಪ್ರಶ್ನೆ: ಪೂರ್ತಿ ಇದೆಯಾ? ಆ ಹನ್ನೊಂದು ಸೆಕೆಂಡು ಅವನ ಹಲ್ಲಿನ ಸಂದಿಗೆ ಸಿಕ್ಕಿದ ನಾರಿನಂತಾಯಿತು. ಊಟಕ್ಕೆ ಕೂತರೂ ನಾಲಗೆ ಅಲ್ಲಿಗೇ ಹೋಗುತ್ತಿತ್ತು.

"ಅಪಾ ಬೇಡ ಅಂದಿದ್ರಲ್ಲ?" ಅಂದಳು ತಾಜಿಗುಲ್, ಅವನು ಹತ್ತಿ ಸುತ್ತುವುದನ್ನು ಕಂಡು.

"ಮಗು ಹಣೆಗೆ ಕಡಾಯಿ ಮಸಿ ಹಚ್ಚೋ ಪೈಕಿ ನೀನು. ನಿಂಗೆ ಹಂಗೇ ಅನ್ಸುತ್ತೆ."

"ನಿನ್ ಹಣೆಗೂ ನಿಮ್ಮಮ್ಮ ಹಚ್ಚೇ ಬೆಳೆಸಿದ್ದು. ಇಲ್ದಿದ್ರೆ ಮಾಸ್ಕೋ ನೋಡೋಕೆ ಇರ್ತಿದ್ಯಾ?"

ಅವನು ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ಮಸಿಯ ಮೇಲೆ ಎಳೆದ. ಹಳೆಯ ಕುರಿ ಕೊಬ್ಬು ಈಗಷ್ಟೇ ಕಾಯಿಸಿದಂತೆ ವಾಸನೆ ಎದ್ದಿತು. ಅರವತ್ತು ವರ್ಷದ ಮಸಿ ಒಣಗಿ ಉದುರಬೇಕಿತ್ತು. ಅದು ಹಸಿಯಾಗಿತ್ತು. ಬೆರಳಿಗೆ ಬೆಚ್ಚಗಿತ್ತು. ಹತ್ತಿಯ ಉಂಡೆಗಳು ಒಂದೊಂದೇ ಕಪ್ಪಾಗಿ ಬುಟ್ಟಿ ಸೇರಿದವು, ಅಡಿಯಿಂದ ಬಿಳಿ ಗೀರು ಎದ್ದುಬಂತು. ಮೂರಾಳುದ್ದಕ್ಕೂ ಒಂದು ಚುಕ್ಕೆ ಉಳಿಸಲಿಲ್ಲ ನಮ್ಮ ಜಾಣ.

ಮರುದಿನ ಮಧ್ಯಾಹ್ನ ಪರೀಕ್ಷೆಗೆಂದು ಒಂದೇ ಒಂದು ಡಿಸ್ಕು ಮಾಡಿದ. ಹೊರಗೆ ಊರಿಗೆ ಊರೇ ಕಲ್ಲಿದ್ದಲ ಹೊಗೆಯಲ್ಲಿ ಮುಳುಗಿ ಮೂರು ಗಂಟೆಗೇ ಕತ್ತಲಾಗಿತ್ತು. ಡಿಸ್ಕು ತಿರುಗಿತು. ಕೊನೆಯ ದೃಶ್ಯ ಬಂತು. ಗುಡಾರ. ಹೆಂಗಸಿನ ಬೆನ್ನು. ಸೊಂಟದ ಮೇಲೆ ಎರಡು ಕೈ. ಮೊದಲು ಎಲ್ಲೋ ನೆಲದಡಿಯ ಗುಂಯ್ ಸದ್ದು, ಆಮೇಲೆ ಅಳು. ಉರ್ಮತ್ ಕಣ್ಣಲ್ಲಿ ನೀರು ತುಂಬಿತು. ಎಂಥ ದನಿ ಅಂದುಕೊಂಡ. ಕೊನೆಯಲ್ಲಿ ಅವಳು ತಲೆಯೆತ್ತಿ ಸತ್ತವನ ಹೆಸರು ಹಿಡಿದು ಕರೆದಳು.

"ಬೇಗಿಮಾಯ್!"

ಅವನ ಕೈಯಿಂದ ರಿಮೋಟ್ ಬಿತ್ತು. ಬಾಗಿಲಲ್ಲಿ ಮಗಳು ನಿಂತಿದ್ದಳು, ಕೈಯಲ್ಲಿ ಕಡಿದ ರೊಟ್ಟಿ ಚೂರು.

"ಆತಾ, ಆ ಅಜ್ಜಿ ನನ್ನನ್ನ ಯಾಕೆ ಕರೀತಿದಾರೆ?"

ಅವನು ಡಿಸ್ಕು ಕಿತ್ತು ಎರಡು ತುಂಡು ಮಾಡಿದ. ಕಂಪ್ಯೂಟರಿನಿಂದಲೂ ಅಳಿಸಿದ. ಕಾಕತಾಳೀಯ ಅಂದ, ಕಿವಿಯ ಭ್ರಮೆ ಅಂದ. ಆದರೆ ತಾಜಿಗುಲ್ ಅಡುಗೆಮನೆಯಿಂದ ಬಿಳಿಚಿದ ಮುಖದಲ್ಲಿ ಓಡಿ ಬಂದಿದ್ದಳು. ಅವಳಿಗೂ ಕೇಳಿಸಿತ್ತು.

ಮೊದಲ ದಿನ ಮಗು ಊಟ ಬಿಟ್ಟಿತು. ಎರಡನೆಯ ದಿನ ಆಟದ ನಡುವೆ "ಬಂದೇ" ಎಂದು ಯಾರಿಗೋ ಓಗೊಟ್ಟಿತು. ಡಾಕ್ಟರು ಕಿವಿ, ಎದೆ, ರಕ್ತ ಎಲ್ಲ ನೋಡಿ ಏನೂ ಇಲ್ಲ ಅಂದರು. ಮೂರನೆಯ ದಿನ ಬೆಳಗ್ಗೆ ಉರ್ಮತ್ ಕೋಣೆಗೆ ಹೋದಾಗ ಬೇಗಿಮಾಯ್ ಗೋಡೆಗೆ ಮುಖ ಮಾಡಿ ಕೂತಿದ್ದಳು. ಪುಟ್ಟ ಕೈಗಳೆರಡೂ ಸೊಂಟದ ಮೇಲೆ. ಅವಳಿಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಭುಜ ಹಿಡಿದು ತಿರುಗಿಸಿದ, ಅವಳು ಮತ್ತೆ ಗೋಡೆಗೇ ತಿರುಗಿದಳು. ಮೈ ತಣ್ಣಗಿತ್ತು. ಉಸಿರು ಇತ್ತೋ ಇಲ್ಲವೋ ಅನ್ನುವಷ್ಟು ಸಣ್ಣಗಿತ್ತು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಕೋಟು ಹಾಕಲೂ ಮರೆತು ಹಿಮದಲ್ಲಿ ಓಡಿ ಕಾಲಿಚಾ ಅಪಾಳ ಕಾಲಿಗೆ ಬಿದ್ದ.

"ತೊಳ್ದೆ ಅಲ್ವಾ?" ಅಂದಳು ಮುದುಕಿ. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

"ಅಪಾ, ಮತ್ತೆ ಮಸಿ ಬಳೀರಿ. ಏನಾದ್ರೂ ಮಾಡ್ರಿ. ನನ್ನ ತಗೊಂಡು ಹೋಗ್ಲಿ, ಅವಳು ಬೇಡ!"

"ಬಳೀತೀನಿ, ರೀಲು ಮುಚ್ಚುತ್ತೆ. ಹೊರಗೆ ಬಂದ ಕೂಗು ಮುಚ್ಚಲ್ಲ. ಅದು ಈಗ ಉರ್ಮತ್‌ನ ಮಗಳು ಬೇಗಿಮಾಯ್‌ನ ಹುಡುಕ್ತಿದೆ." ಅವಳು ಪಕ್ಕದ ಮನೆಯ ಗೋಡೆಯತ್ತ ನೋಡಿದಳು. "ಉರ್ಮತ್‌ಗೆ ಮಗಳೇ ಇಲ್ದಿದ್ರೆ, ಬೇಗಿಮಾಯ್ ಅನ್ನೋಳೇ ಎಲ್ಲೂ ಇಲ್ದಿದ್ರೆ, ಅದು ಸುತ್ತಿ ಸುತ್ತಿ ಸುಸ್ತಾಗುತ್ತೆ. ಮಾರಬೇಕು ಮಗಾ. ಕಿಟಕಿಯಿಂದ."

ಮಕ್ಕಳು ಉಳಿಯದ ಮನೆಯಲ್ಲಿ ಹಿಂದೆ ಹಾಗೆ ಮಾಡುತ್ತಿದ್ದುದನ್ನು ಅವನು ಕೇಳಿದ್ದ. ಕೂಸನ್ನು ಕಿಟಕಿಯಿಂದ ಹೊರಗೆ ಕೊಟ್ಟು, ಬಾಗಿಲಿಂದ ವಾಪಸ್ ಕೊಂಡು ತರುತ್ತಿದ್ದರು.

"ಯಾವಾಗ ವಾಪಸ್ ತರೋದು?"

"ಇದ್ರಲ್ಲಿ ವಾಪಸ್ಸಿಲ್ಲ."

ಆಗ ನುರೀಪಾ ರೊಟ್ಟಿ ತಟ್ಟೆ ಹಿಡಿದು ಒಳಗೆ ಬಂದಳು. "ಎಜೆ, ಯಾರಿದು ಅಳ್ತಿರೋದು?" ಅಂದಳು. ಕಾಲಿಚಾ ಅಪಾ ಅವಳ ಮುಖ ನೋಡಿ, ನೆಲ ನೋಡಿದಳು. ಅರವತ್ತರ ಹೆಂಗಸಿನ ಗಲ್ಲದ ಮೇಲೆ ಮುದುಕಿಯ ಗಲ್ಲದ್ದೇ ಕುಳಿ ಇತ್ತು. ನಾಲ್ಕನೆಯವರು ಯಾರೆಂದು ಉರ್ಮತ್‌ಗೆ ಈಗ ಗೊತ್ತಾಯಿತು. ಕೂಸಾಗಿದ್ದಾಗ ಕಿಟಕಿಯಿಂದ ಮಾರಿದ ಹೆತ್ತ ಮಗಳು ಗೋಡೆಯಾಚೆಗೇ ಇದ್ದು, ಇಷ್ಟು ವರ್ಷ ತಾಯಿಯನ್ನು ಪಕ್ಕದ ಮನೆಯ ಎಜೆ ಅಂದುಕೊಂಡೇ ರೊಟ್ಟಿ ತಂದುಕೊಡುತ್ತಿದ್ದಳು.

ಕೊಂಡವಳೂ ನುರೀಪಾಳೇ. ಉರ್ಮತ್‌ನ ಮನೆಯ ಕಿಟಕಿಯ ಹೊರಗೆ ಹಿಮದಲ್ಲಿ ನಿಂತು ಅವಳು, ಅಪಾ ಹೇಳಿಕೊಟ್ಟಂತೆ, "ಮಾರೋಕೆ ಏನಿದೆ?" ಎಂದು ಕೇಳಿದಳು.

"ದಾರೀಲಿ ಸಿಕ್ಕಿದ ಒಂದು ಮಗು ಇದೆ," ಅಂದ ಉರ್ಮತ್. "ನನ್ನದಲ್ಲ."

ಈ ಎರಡು ಮಾತು ಹೊರಡಿಸಲು ಅವನು ಮೂರು ಸಲ ಬಾಯಿ ತೆರೆದ. ಹಣೆ ತುಂಬ ಮಸಿ ಬಳಿದ ಮಗುವನ್ನು ಚೌಕಟ್ಟಿನಿಂದ ಆಚೆಗೆ ದಾಟಿಸಿದ. ನುರೀಪಾ ಬೆಲೆಯಾಗಿ ಒಂದು ರೊಟ್ಟಿ ಕೊಟ್ಟಳು, ಅವನು ಅದನ್ನು ಅಲ್ಲೇ ತಿನ್ನಬೇಕಿತ್ತು, ತಿಂದ. ಮಗು ನುರೀಪಾಳ ಹೆಗಲ ಮೇಲೆ ಒಮ್ಮೆ ಕೆಮ್ಮಿ ಬೆಚ್ಚಗಾಯಿತು. ಹಸಿವು ಅಂದಿತು. ತಾಜಿಗುಲ್ ಗಂಡನ ಮುಖ ನೋಡದೆ ಬಟ್ಟೆ ಗಂಟು ಕಟ್ಟಿಕೊಂಡು ಅವರ ಹಿಂದೆಯೇ ಹೋದಳು. ಮೂವರೂ ದೂರದ ಕರಾಕೋಲ್ ಊರಿನಲ್ಲಿ ನುರೀಪಾಳ ಗಂಡನ ಕಡೆಯವರ ಮನೆ ಸೇರಿದರು. ಮಗುವಿಗೆ ಹೊಸ ಹೆಸರಿಟ್ಟರು. ಅದೇನೆಂದು ಉರ್ಮತ್‌ಗೆ ಹೇಳಲಿಲ್ಲ.

"ಹಳೇ ಹೆಸರು ನಿನ್ ಬಾಯಲ್ಲಿ ಬರಬಾರ್ದು," ಅಂದಿದ್ದಳು ಕಾಲಿಚಾ ಅಪಾ, ರೀಲಿಗೆ ಹೊಸ ಮಸಿ ಬಳಿಯುತ್ತ. "ನಿನ್ ಯಂತ್ರಗಳಲ್ಲೂ ಇರಬಾರ್ದು. ಮಗು ಆಡಿದ್ದು, ನಕ್ಕಿದ್ದು, ನೀನು ಹಿಡಿದಿಟ್ಟಿದ್ದೆಲ್ಲ ಅಳಿಸು. ಒಂದು ಚೂರೂ ಬಿಡಬೇಡ."

ನಾಲ್ಕು ವರ್ಷದ ಮಗಳನ್ನು ಅವನು ಒಂದು ವಾರದಲ್ಲಿ ಅಳಿಸಿದ. ಮೊದಲ ಹೆಜ್ಜೆ. ಮೊದಲ ಹಲ್ಲು. ಸ್ನಾನದ ತೊಟ್ಟಿಯಲ್ಲಿ ನೊರೆಯ ಗಡ್ಡ. ಸಿನಿಮಾದಲ್ಲಿ ಹನ್ನೊಂದು ಸೆಕೆಂಡು ಕಡಿಮೆಯಾದರೆ ಅನ್ನ ಸೇರದವನು ಒಂದೊಂದನ್ನೇ ನೋಡಿ, ಒಂದೊಂದನ್ನೇ ಒತ್ತಿ, ಅಳುತ್ತ ಅಳಿಸಿದ. ಅಪಾ ಆ ವಸಂತದಲ್ಲೇ ತೀರಿಕೊಂಡಳು. ರೀಲುಗಳು ಅವಳ ಜೊತೆಗೇ ಮಣ್ಣಿಗೆ ಹೋದವು.

ಎರಡು ವರ್ಷದ ಮೇಲೆ ತಡೆಯಲಾಗದೆ ಕರಾಕೋಲ್‌ಗೆ ಹೋದ. ನುರೀಪಾಳ ರೊಟ್ಟಿ ಅಂಗಡಿಯ ಎದುರು ಟೋಪಿ ಎಳೆದುಕೊಂಡು ನಿಂತ. ಕೆಂಪು ಗಲ್ಲದ, ಒಂದು ಹಲ್ಲು ಬಿದ್ದ ಹುಡುಗಿಯೊಬ್ಬಳು ಅವನ ಹತ್ತಿರ ಬಂದಳು.

"ಬಾಯ್ಕೆ, ರೊಟ್ಟಿ ಬೇಕಾ? ಬಿಸಿ ಇದೆ."

ಗುರುತಿಲ್ಲದವರನ್ನು ಮಾವ ಅಂದಷ್ಟೇ ಸಲೀಸಾಗಿ ಅಂದಳು. ಅವನು ತಲೆಯಾಡಿಸಿ ತಿರುಗಿ ನಡೆದ. ಹಿಂದಿನಿಂದ ಕೇಳಿಸಿತು: "ಅಮ್ಮಾ, ಆ ಬಾಯ್ಕೆ ಯಾಕೆ ಅಳ್ತಿದಾರೆ?"

ಮಾರನೆಯ ದಿನ ಮನೆಗೆ ಬಂದವನು ನೇರ ಕಪಾಟಿಗೆ ಹೋದ. ಸಾವಿರದ ಇನ್ನೂರು ಡಿಸ್ಕುಗಳ ನಡುವೆ, ಕೆಳಗಿನ ಸಾಲಿನ ಮೂಲೆಯಲ್ಲಿ, ಹೆಸರಿಲ್ಲದ ಒಂದು ಪೆಟ್ಟಿಗೆ. ಒಂದು ಚೂರೂ ಬಿಡಬೇಡ ಅಂದಿದ್ದಳು ಅಪಾ. ಅವನು ಒಂದೇ ಒಂದು ಚೂರು ಬಿಟ್ಟಿದ್ದ. ಕೂಡಿಡುವವನ ಕೈ ಅದು, ಕೊನೆಯ ಪ್ರತಿ ಸುಡಲು ಏಳದು.

ದನಿ ಪೂರ್ತಿ ಅಡಗಿಸಿದ. ಬರೀ ಚಿತ್ರ ಸಾಕು. ನೋಡಿ ಮುರಿದುಬಿಡುತ್ತೇನೆ ಅಂದುಕೊಂಡ. ಹೊರಗೆ ಹೊಗೆಗೆ ಹಗಲು ಕಪ್ಪಾಗಿತ್ತು.

ಹಿಮ. ಕೆಂಪು ಟೋಪಿ. ಮಗು ಓಡುತ್ತಿದೆ. ಈ ತುಣುಕು ಅವನಿಗೆ ಚೌಕ ಚೌಕವಾಗಿ ಗೊತ್ತು. ಈಗ ಗೋಡೆಯ ಹತ್ತಿರ ನಿಲ್ಲುತ್ತಾಳೆ. ಈಗ ತಿರುಗಿ ನಗುತ್ತಾಳೆ.

ನಿಂತಳು. ತಿರುಗಲಿಲ್ಲ.

ಗೋಡೆಗೆ ಮುಖ ಮಾಡಿ ಹಿಮದಲ್ಲಿ ಕೂತಳು. ಕೈಯೆರಡೂ ಸೊಂಟಕ್ಕೆ ಏರಿದವು. ಕೋಣೆಯಲ್ಲಿ ಕುರಿ ಕೊಬ್ಬು ಕಾಯುವ ವಾಸನೆ. ರಿಮೋಟ್ ಒತ್ತಿದ. ನಿಲ್ಲಲಿಲ್ಲ. ತಂತಿ ಕಿತ್ತ. ನಿಲ್ಲಲಿಲ್ಲ. ಪುಟ್ಟ ಬೆನ್ನು ಮುಂದಕ್ಕೆ ಹಿಂದಕ್ಕೆ ತೂಗತೊಡಗಿತು.

"ಬೇಗಿಮಾಯ್!"

ಕೂಗಿದವನು ಅವನೇ.

ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ತಡವಾಗಿತ್ತು. ಗೋಡೆಯೊಳಗಿಂದ ಒಂದು ಹೆಣ್ಣು ದನಿ, ಎರಡು ವರ್ಷ ಹುಡುಕಿದ್ದು ಕೊನೆಗೂ ಸಿಕ್ಕಿತೆಂಬಂತೆ, ಆ ಹೆಸರನ್ನು ಎತ್ತಿಕೊಂಡು ರಾಗವಾಗಿ ಎಳೆಯಿತು.

ಮೇಜಿನ ಮೇಲೆ ಫೋನು ಬಡಿದುಕೊಂಡಿತು. ಕರಾಕೋಲ್. ತಾಜಿಗುಲ್. ಎರಡು ವರ್ಷದಲ್ಲಿ ಒಮ್ಮೆಯೂ ಮಾಡದವಳು.

ಅವನು ಎತ್ತಲಿಲ್ಲ. ಆ ಕಡೆಯಿಂದ ಬರಲಿದ್ದ ಅಳು ಅವನಿಗೆ ಮೊದಲಿಂದ ಕೊನೆಯವರೆಗೂ ಬಾಯಿಪಾಠವಿತ್ತು.