ಡಬ್ಬಿಯೊಳಗಿನ ಖಾಲಿ ಮನೆ

"ಆ ಡಬ್ಬಿಗೆ ಕೈ ಹಾಕ್ಬೇಡಿ!"

ಮೊದಲ ದಿನವೇ ಗದರಿದವನತ್ತ ಅವಳು ತಿರುಗಿ ನೋಡಿದಳು. ಅಣುಸ್ಥಾವರದಲ್ಲಿ ಉರಿದು ಮುಗಿದ ಇಂಧನವನ್ನು ತುಂಬಿಟ್ಟ ಭಾರಿ ಉಕ್ಕಿನ ಡಬ್ಬಿಗಳ ಅಂಗಳವದು. ಉಸ್ತುವಾರಿ ಅವನದೇ. ಎಲ್ಲರ ಬಾಯಲ್ಲೂ ಅವನು ಡಬ್ಬಿ ಸಾಹೇಬ.

"ಕೈ ಹಾಕೋಕಲ್ಲ ಸರ್, ಮುಟ್ಟದೇನೇ ಒಳಗೇನಿದೆ ಅಂತ ನೋಡೋಕೆ ಬಂದಿದ್ದೀನಿ."

ಅವನು ನಕ್ಕುಬಿಟ್ಟ. ಹಾಳಾದ ನಗು... ಎದೆಗೇ ನಾಟಿತು!

ಬಾನಿನಿಂದ ಸದಾ ಬೀಳುವ, ಕಣ್ಣಿಗೆ ಕಾಣದ ಕಣಗಳು ಉಕ್ಕನ್ನೂ ತೂರಿ ಹೋಗುತ್ತವೆ. ಡಬ್ಬಿಯ ಎರಡೂ ಬದಿಗೆ ಫಲಕ ನಿಲ್ಲಿಸಿ, ಕಣಗಳು ಎಲ್ಲೆಲ್ಲಿ ಬಾಗಿದವೆಂದು ಲೆಕ್ಕಹಾಕಿ, ಒಳಗಿನ ಚಿತ್ರ ಬರೆಯುವುದು ಅವಳ ವಿದ್ಯೆ. ಮುಚ್ಚಳ ತೆಗೆದರೆ ಕೆಲಸಗಾರರಿಗೆ ವಿಕಿರಣ ತಾಗುತ್ತದಲ್ಲ! ತನ್ನವರ ಮೈಗೆ ಅದು ಸೋಕಬಾರದೆಂದು ಅವನು ಪಡುವ ಪಾಡು ಕಂಡು ಅವಳು ಮನಸೋತಳು. ಫೋನಿನಲ್ಲಿ ಅಕ್ಕ ಬಿಡುತ್ತಾಳೆಯೇ? ಉಕ್ಕಿನೊಳಗೆ ಇಣುಕುವವಳು ಮನಸ್ಸಿಗೆ ಹಿಡಿಸಿದವನ ಮುಂದೆ ಬಾಯಿಬಿಡಲಾರೆಯಾ ಎಂದು ದಿನಾ ರೇಗಿಸಿದಳು.

ಒಂದು ದಿನ ಚಿತ್ರ ಮೂಡಿತು. ಮೂಲೆಯ ಡಬ್ಬಿಯಲ್ಲಿ, ಇಂಧನದ ಕಟ್ಟುಗಳನ್ನಿಡುವ ಮನೆಗಳ ಪೈಕಿ ಒಂದು ಖಾಲಿ! ದಾಖಲೆಯಲ್ಲಿ ಎಲ್ಲವೂ ಭರ್ತಿ. ಇಂಧನದ ಕಟ್ಟೊಂದು ಕಾಣೆಯಾಗಿದೆ ಎಂದರೆ... ಮೊದಲು ತಲೆದಂಡ ಅವನದೇ.

ಅವನೇ ಕದ್ದನೇ ಎಂದು ಅವಳು ರಾತ್ರಿಯಿಡೀ ಅತ್ತಳು. ಸುಮ್ಮನಿದ್ದುಬಿಡಲೇ? ಹಾಗಾದರೆ ನನ್ನ ವಿದ್ಯೆಗೆ ಏನು ಬೆಲೆ?

ಮರುದಿನ ನಿರ್ದೇಶಕರ ಮುಂದೆ, ಅವನಿದ್ದಾಗಲೇ, ಚಿತ್ರವಿಟ್ಟು ಖಾಲಿ ಮನೆಯ ವಿಷಯ ಹೇಳಿಬಿಟ್ಟಳು.

ನಿರ್ದೇಶಕರು ಎದ್ದು ನಿಂತು ಚಪ್ಪಾಳೆ ತಟ್ಟಿದರು! ಅವಳ ವಿದ್ಯೆಯ ಪರೀಕ್ಷೆಗೆಂದೇ ಆ ಮನೆಯನ್ನು ಖಾಲಿ ಬಿಡಿಸಿದ್ದರಂತೆ. ಗೊತ್ತಿದ್ದುದು ಅವರಿಗೆ ಮತ್ತು ಡಬ್ಬಿ ಸಾಹೇಬನಿಗೆ ಮಾತ್ರ. ಇನ್ನು ಒಳಗೆ ನೋಡಲೆಂದು ಯಾವ ಮುಚ್ಚಳವನ್ನೂ ತೆಗೆಯಬೇಕಿಲ್ಲ ಎಂದರು.

ಅವಳು ಸರಸರನೆ ಹೊರಗೆ ನಡೆದಳು. ಅವನು ಬೆನ್ನಿಗೇ ಬಂದ.

"ನಿಮ್ಮನ್ನ ಕಳ್ಳ ಅಂದ್ಕೊಂಡು ಎಷ್ಟು ಅತ್ತಿದ್ದೀನಿ ಗೊತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?"

"ಹೇಳಿದ್ರೆ, ನಾನೇ ಹೇಳ್ಕೊಟ್ಟೆ ಅಂತಿದ್ರು. ನಿಮ್ಮ ಕೆಲಸಕ್ಕೆ ಆ ಮಾತು ಬರಬಾರ್ದು." ಅವನ ದನಿ ಮೆತ್ತಗಾಯಿತು. "ಬೇಕಾದವನು ಅಂತ ನನ್ನ ಉಳಿಸ್ಲಿಲ್ಲ ನೀವು. ಇದ್ದಿದ್ದನ್ನ ಇದ್ದ ಹಾಗೇ ಹೇಳಿದ್ರಿ. ಬಾಳಿದ್ರೆ ಇಂಥವರ ಜೊತೆ ಬಾಳ್ಬೇಕು ಅನ್ಸ್ತು."

ಅವಳ ಕೆನ್ನೆ ಕೆಂಪಾಯಿತು. "ಬೇಕಾದವನು ಅಂತ... ಯಾರು ಹೇಳಿದ್ರು?"

"ನಿಮ್ಮಕ್ಕನ ದನಿ ಫೋನಿಂದಾನೇ ಅಂಗಳಕ್ಕೆಲ್ಲ ಕೇಳ್ಸುತ್ತೆ."

ಅವಳು ನಕ್ಕುಬಿಟ್ಟಳು. "ಮತ್ತೆ ಇಷ್ಟು ದಿನ ಯಾಕೆ ಸುಮ್ನಿದ್ರಿ?"

"ಬಾಯಿ ಬಿಟ್ಟಿದ್ರೆ ನಿಮ್ಮ ಹತ್ರ ಏನೂ ಮುಚ್ಚಿಡೋಕೆ ಆಗ್ತಿರ್ಲಿಲ್ಲ. ಆ ಖಾಲಿ ಮನೆ ವಿಷ್ಯಾನೂ ಹೇಳ್ಬಿಡ್ತಿದ್ದೆ."