ಹರಿದ ಎಳೆ ಕಟ್ಟಿದವನು

2025ರ ಸೆಪ್ಟೆಂಬರ್ 9, ಮಂಗಳವಾರ. ಮಧ್ಯಾಹ್ನ 2.40ಕ್ಕೆ ನೇಕಾರ ಹೆಂಗಸು ಸಂಗವ್ವ ಇಳಕಲ್ಲಿನ ನೇಕಾರಪೇಟೆ ಠಾಣೆಗೆ ಓಡೋಡಿ ಬಂದಾಗ ಪಿಎಸ್‌ಐ ಸುನಂದಾ ಡಬ್ಬಿ ಬಿಚ್ಚಿ ರೊಟ್ಟಿಯ ಮೊದಲ ತುತ್ತು ಮುರಿದಿದ್ದರು. ಆ ತುತ್ತು ಡಬ್ಬಿಯಲ್ಲೇ ಉಳಿಯಿತು.

"ಕಳುವಾಗೇತ್ರಿ ಮೇಡಮ್ಮಾರ. ಒಂದು ಬೋರಮಾಳ ಸರ, ನಾಕು ಪಾಟ್ಲಿ ಬಳಿ, ಎಲ್ಲಾ ಬಂಗಾರದವು. ನನ್ನವಾಗಿದ್ರ ಅತ್ತು ಸುಮ್ಮ ಕೂಡ್ತಿದ್ದೆರಿ. ಬಾಜೂ ಮನಿ ಕಾಸಿಂಬಿಯವು. ಮನಿ ಮಾಳಿಗಿ ರಿಪೇರಿಗೆ ಬಿಚ್ಚಿಸೀನಿ ಅಂತ ನನ್ನ ತಿಜೋರಿಯಾಗ ಇಟ್ಟಿದ್ಲು. ಇನ್ನ ಆಕಿಗೆ ಹೆಂಗ ಮಾರಿ ತೋರಸ್ಲಿ?"

"ಮನಿಯಾಗ ಯಾರಿದ್ರು?"

"ಯಾರೂ ಇರಲಿಲ್ರಿ. ನಿನ್ನೆ ಫೋನ್ ಬಂದಿತ್ತು. ನೇಕಾರರ ಕಾರ್ಡು ಹೊಸಾವು ಮಾಡಾಕತ್ತೇವಿ, ಮನಿಮಂದಿ ಎಲ್ಲಾ ಹುನಗುಂದಕ್ಕ ಹನ್ನೊಂದಕ್ಕ ಬಂದು ಹೆಬ್ಬಟ್ಟು ಒತ್ರಿ, ಒಬ್ರು ತಪ್ಪಿದ್ರೂ ಕಾರ್ಡು ರದ್ದು ಅಂದ್ರು. ಹೋದ್ರ ಅಲ್ಲಿ ಅಂಥಾ ಆಫೀಸ ಇಲ್ಲ."

"ಕೀಲಿಕೈ?"

ಸಂಗವ್ವ ತಲೆ ತಗ್ಗಿಸಿದಳು. "ಬಾಗಲದ ಮಾಡದಾಗ. ತಿಜೋರಿದೂ ಅದ ಗೊಂಚಲದಾಗ."

ಆ ಓಣಿಯವರು ಬಾಗಿಲಿಗೆ ಕೀಲಿ ಹಾಕುವುದು ನಾಯಿ ಹೊಗದಿರಲೆಂದು, ಅಷ್ಟೇ. ನೂಲು ಕೊಡುವವರು, ಸೀರೆ ಒಯ್ಯುವವರು ಹೋಗಿ ಬರಲೆಂದು ಕೀಲಿಕೈಯನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡುವುದು ಅಜ್ಜಂದಿರ ಕಾಲದ ರೂಢಿ. ಇಡೀ ಪೇಟೆಗೆ ಗೊತ್ತಿದ್ದ ಆ ಗುಟ್ಟು ಕಳ್ಳನಿಗೂ ಗೊತ್ತಿತ್ತು.

3.15ಕ್ಕೆ ಎಫ್‌ಐಆರ್ ಆಯಿತು. 4 ಗಂಟೆಗೆ ಪಂಚನಾಮೆ. ಯಾವ ಕೀಲಿಯೂ ಮುರಿದಿರಲಿಲ್ಲ, ತಿಜೋರಿ ಬಾಗಿಲು ನೀಟಾಗಿ ಹಾಕಿತ್ತು. ಹೆಡ್ ಕಾನ್‌ಸ್ಟೆಬಲ್ ಮಲೀಕಸಾಬ ಬರೆದುಕೊಳ್ಳಲು ಏನೂ ಸಿಗದೆ ಪೆನ್ನು ಕಚ್ಚುತ್ತ ನಿಂತಿದ್ದರು. ಅಷ್ಟರಲ್ಲಿ ಮಗ್ಗದ ಹತ್ತಿರ ಕುಸಿದು ಕೂತಿದ್ದ ಸಂಗವ್ವ ತಟ್ಟನೆ ಕೇಳಿದಳು:

"ಇದನ್ನ ಯಾರು ಕಟ್ಟಿದ್ರು?"

"ಯಾವುದನ್ನ?"

"ಮುಂಜಾನೆ ಹೊರಡೂ ಮುಂದ ಹಾಸಿನ ಎಳಿ ಹರೀತ್ರಿ. ಬಂದು ಕಟ್ಟಿದ್ರಾತು ಅಂತ ಹಂಗ ಬಿಟ್ಟು ಓಡಿದ್ದೆ. ಈಗ ನೋಡಿದ್ರ ಕಟ್ಟೇತಿ!"

ಸುನಂದಾ ಮಗ್ಗದ ಹತ್ತಿರ ಬಂದರು. ಬ್ಯಾಟರಿ ಹಿಡಿದು ಬಾಗಿದರು. ಸಾಸಿವೆಕಾಳಿಗಿಂತ ಸಣ್ಣ ಗಂಟು, ಪಳಗಿದ ಕೈಯದು. ಕಪ್ಪು ಎಳೆಯ ಮೇಲೆ ಗಂಟಿನ ಸುತ್ತ ಬೂದುಬಿಳಿ ಹುಡಿ ಅಂಟಿತ್ತು. ಮಲೀಕಸಾಬ ಕಣ್ಣು ಕಿರಿದು ಮಾಡಿ ನೋಡಿದರು.

"ಕಲ್ಲಿನ ಹುಡಿ ಐತ್ರಿ ಮೇಡಂ. ಗ್ರಾನೈಟ್ ಪಾಲಿಶ್ ಮಾಡೂ ಫ್ಯಾಕ್ಟರಿದು."

"ಅಂದ್ರ ಮಗ್ಗ ಬಲ್ಲಂವ. ಈಗ ಕಲ್ಲು ತಿಕ್ಕಾಂವ."

"ಅಂಥವರು ಈ ಊರಾಗ ಇನ್ನೂರು ಮಂದಿ ಸಿಗ್ತಾರ್ರಿ."

ಫೋನ್ ಬಂದ ನಂಬರು ಸ್ವಿಚ್ ಆಫ್ ಆಗಿತ್ತು; ಸಿಮ್ ಯಾರೋ ಸತ್ತವರ ಹೆಸರಿನಲ್ಲಿತ್ತು. ಆದರೂ ಸುನಂದಾ ಸುಮ್ಮನೆ ಕೂರುವ ಪೈಕಿ ಅಲ್ಲ. ಕಳ್ಳನನ್ನು ಹುಡುಕುವ ಬದಲು ಅವನು ಮುಂದೆ ಯಾರ ಮನೆಗೆ ಫೋನ್ ಮಾಡಿದ್ದಾನೆಂದು ಹುಡುಕಿದರಾಯಿತು! ಕಾನ್‌ಸ್ಟೆಬಲ್‌ಗಳು ಮಗ್ಗದ ಸದ್ದು ಕೇಳಿದ ಮನೆಗಳಿಗೆಲ್ಲ ನುಗ್ಗಿ ವಿಚಾರಿಸಿದರು. ಬುಧವಾರ ಸಂಜೆ 6.10ಕ್ಕೆ ಮುದುಕ ನೇಕಾರ ಶಂಕ್ರಪ್ಪ ಬಾಯಿಬಿಟ್ಟ: "ನನಗೂ ಬಂದೇತ್ರಿ. ನಾಳೆ ಹನ್ನೊಂದಕ್ಕ ಕರದಾರ."

ಗುರುವಾರ ಬೆಳಗ್ಗೆ ಶಂಕ್ರಪ್ಪನ ಮನೆಮಂದಿ ಓಣಿಗೆಲ್ಲ ಕೇಳುವಂತೆ ಗದ್ದಲ ಮಾಡುತ್ತ ಟಂಟಂ ಆಟೋ ಹತ್ತಲು ಸಿದ್ಧರಾದರು. ಹೊರಡುವ ಮೊದಲು ಸುನಂದಾ ಒಂದೇ ಒಂದು ಕೇಳಿಕೊಂಡರು: ಮಗ್ಗದ ಒಂದು ಎಳೆ ಹರಿಯಬೇಕು. ಶಂಕ್ರಪ್ಪ ಬೆಪ್ಪಾದ.

"ನಲವತ್ತು ವರ್ಷದಾಗ ಬೇಕಂತ ಒಂದೂ ಹರದಿಲ್ರಿ ನಾ." ಕಣ್ಣು ಮುಚ್ಚಿಕೊಂಡು ಹರಿದು, ಹೊರಗಿನಿಂದ ಕೀಲಿ ಹಾಕಿ ಹೊರಟ.

"ಇಲಿಗೆ ಕೊಬ್ರಿ ಇಟ್ಟಂಗಾತು," ಎನ್ನುತ್ತ ಮಲೀಕಸಾಬ ತಮ್ಮ ಹೊಟ್ಟೆಯನ್ನು ಹೇಗೋ ಮಂಚದ ಕೆಳಗೆ ತೂರಿಸಿದರು. ಸುನಂದಾ ಕೌದಿಗಳ ಒಟ್ಟಿನ ಹಿಂದೆ ನಿಂತರು.

11.20. ಕೀಲಿ ಕಟಕ್ಕೆಂದಿತು. ನಡುವಯಸ್ಸಿನ ಗಂಡಸು, ಒಬ್ಬನೇ. ಸೀದಾ ತಿಜೋರಿಗೆ ಹೋದ, ಅದೇ ಗೊಂಚಲಿನ ಕೀಲಿಕೈಯಿಂದ ತೆರೆದ, ಬೆಳ್ಳಿ ಡಾಬನ್ನು ಚೀಲಕ್ಕೆ ಹಾಕಿದ, ಹೊರಳಿದ. ಮಂಚ ಅಲುಗಿತು. ಸುನಂದಾ ಬೇಡವೆಂದು ಬೆರಳು ಎತ್ತಿದರು. ಎಳೆ ಕಟ್ಟಿದವನು ಇವನೇ ಹೌದೋ ಎಂದು ನೋಡಬೇಕಿತ್ತು. ಹೊಸ್ತಿಲಲ್ಲಿ ಅವನು ನಿಂತ. ಬೀದಿ ನೋಡಿದ, ಮಗ್ಗ ನೋಡಿದ, ಮತ್ತೆ ಬೀದಿ ನೋಡಿದ. ಆಮೇಲೆ ಚಪ್ಪಲಿ ಕಳಚಿ ಮಗ್ಗದ ಕುಣಿಗೆ ಇಳಿದು, ಹರಿದ ಎರಡು ತುದಿಗಳನ್ನು ಬೆರಳಲ್ಲಿ ಹಿಡಿದ.

"ಕೈ ಅಲ್ಲೇ ಇರ್ಲಿ!"

ಅವನು ಬೆಚ್ಚಿಬಿದ್ದ, ಆದರೆ ತುದಿಗಳನ್ನು ಬಿಡಲಿಲ್ಲ. "ಒಂದ ನಿಮಿಷ ತಡೀರಿ. ಇದೊಂದು ಕಟ್ತೇನಿ."

ಕಟ್ಟಿ ಮುಗಿಯುವವರೆಗೆ ಸುನಂದಾ ಕಾದರು. ಆಮೇಲೆ ಬೇಡಿ ಬಿತ್ತು. ಹೆಸರು ಲಕ್ಷ್ಮಪ್ಪ, ವಯಸ್ಸು 47. ಅವನು ಕೆಲಸ ಮಾಡುವ ಕಲ್ಲಿನ ಫ್ಯಾಕ್ಟರಿಯಲ್ಲಿ, ಅವನ ಬಟ್ಟೆಯ ಪೆಟ್ಟಿಗೆಯೊಳಗೆ, ಬೋರಮಾಳವೂ ಪಾಟ್ಲಿಗಳೂ ಇದ್ದ ಹಾಗೇ ಸಿಕ್ಕವು. ಗುರುತು ಹಿಡಿಯಲು ಠಾಣೆಗೆ ಬಂದ ಕಾಸಿಂಬಿ ಬಂಗಾರ ನೋಡುವ ಮೊದಲೇ ಸಂಗವ್ವನ ತೋಳಿಗೊಂದು ಹೊಡೆದಳು. "ಹುಚ್ಚಿ, ಎರಡು ದಿನ ನನ್ನ ಕಣ್ಣು ತಪ್ಪಿಸಿ ಅಡ್ಡಾಡಿದೆಲ್ಲ! ಬಂಗಾರ ಹೋದದ್ದಕ್ಕಿಂತ ಅದ ಭಾಳ ಸಂಕಟ ಆಗಿತ್ತು ನನಗ." ಇಬ್ಬರೂ ಅಳುತ್ತ, ನಗುತ್ತ ನಿಂತರು.

ಸಂಜೆ 4.30ಕ್ಕೆ ಹೇಳಿಕೆ ಬರೆಯುವಾಗ ಸುನಂದಾ ಗೆದ್ದ ಹುಮ್ಮಸ್ಸಿನಲ್ಲೇ ಕೇಳಿದರು:

"ಫೋನಿನಾಗ ಹಂಗ ಮಾತಾಡೂದು ಎಲ್ಲಿ ಕಲ್ತಿ?"

"ನನಗ ಬಂದಿತ್ರಲ್ಲ ಆ ಫೋನು, ಹೋದ ವರ್ಷ. ಕಾರ್ಡು ರದ್ದು ಅಂದ, ನಂಬರ್ ಬರ್ತೈತಿ ಹೇಳಂದ. ಹೇಳಿದೆ. ಬ್ಯಾಂಕಿನ್ಯಾಗ ಇದ್ದದ್ದೆಲ್ಲ ಹೋತು, ಮಗ್ಗ ಮಾರಿದೆ. ಅವ ಅಂದ ಮಾತ ನಾ ಅಂದೀನ್ರಿ. ಹುನಗುಂದ ಅನ್ನೂದಷ್ಟ ನಂದು."

"ಕಂಪ್ಲೇಂಟ್ ಕೊಡಬೇಕಿತ್ತು."

"ಮೂರು ಸಲ ಬಂದಿದ್ದೆರಿ. ಕಡೀ ಸಲ ನೀವ ಸಿಕ್ಕಿದ್ರಿ. ಕೂಡಲಸಂಗಮಕ್ಕ ಮಂತ್ರಿಗಳ ಬಂದೋಬಸ್ತಿಗೆ ಜೀಪು ಹತ್ತಾಕತ್ತಿದ್ರಿ. ನಂಬರ್ ಹೇಳಿದ್ಯಾಕ ಅಂತ ಕೇಳಿ ನಕ್ಕು ಹೋದ್ರಿ."

ಸುನಂದಾ ಆ ಮುಖವನ್ನು ನೆನಪಿಸಿಕೊಳ್ಳಲು ನೋಡಿದರು. ಬರಲಿಲ್ಲ. ಬಂದೋಬಸ್ತು ನೆನಪಿತ್ತು, ಅವತ್ತಿನ ಬಿಸಿಲು ನೆನಪಿತ್ತು, ಇವನೊಬ್ಬ ಇರಲಿಲ್ಲ. ನಾಚಿಕೆಯಿಂದ ಕಿವಿ ಬಿಸಿಯಾದವು. ಮಲೀಕಸಾಬ ಪೆನ್ನು ಕೆಳಗಿಟ್ಟು ಗೋಡೆ ನೋಡಿದರು.

ಹೇಳಿಕೆಗೆ ಸಹಿಯಾದ ಮೇಲೆ ಸುನಂದಾ ಬೇಡಿ ಬಿಚ್ಚಿಸಿ, ಮೇಜಿನ ಎದುರಿನ ಕುರ್ಚಿಯನ್ನು ತಾವೇ ಎಳೆದರು.

"ಮಲೀಕಸಾಬ್ರ, ಇನ್ನೊಂದು ಎಫ್‌ಐಆರ್ ಬರೀರಿ."

"ಫಿರ್ಯಾದಿ ಯಾರ್ರಿ ಮೇಡಂ?"

"ಕೂಡ್ರಿ ಲಕ್ಷ್ಮಪ್ಪ," ಎಂದರು ಸುನಂದಾ. "ಫೋನು ಬಂದದ್ದು ಯಾವತ್ತು? ಹೇಳ್ರಿ, ಬರಕೊಳ್ತೇವಿ."